ರಕ್ತಪರೀಕ್ಷೆ ಇದೆ ಎನ್ನುತ್ತದೆ, ಸ್ಕ್ಯಾನ್ ಇಲ್ಲ ಎನ್ನುತ್ತದೆ: ಅಡ್ರಿನಲ್ ಗಡ್ಡೆ ಕ್ಯಾಮೆರಾದ ಕಣ್ಣು ತಪ್ಪಿಸುವುದು ಹೇಗೆ?

2025ರ ಮೇ 14ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬೆಲ್ಜುಟಿಫಾನ್ ಎಂಬ ಮಾತ್ರೆಯನ್ನು ಫಿಯೊಕ್ರೊಮೊಸೈಟೋಮ ಮತ್ತು ಪ್ಯಾರಾಗ್ಯಾಂಗ್ಲಿಯೋಮ ಎಂಬ, ಅಡ್ರಿನಲ್ ಗ್ರಂಥಿಯಲ್ಲೋ ಅದರ ಹೊರಗೋ ಬೆಳೆಯುವ ಅಪರೂಪದ ಗಡ್ಡೆಗಳಿಗೂ ಬಳಸಬಹುದೆಂದು ಒಪ್ಪಿಗೆ ಕೊಟ್ಟಿತು. ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗದ ಅಥವಾ ದೇಹದ ಬೇರೆಡೆಗೆ ಹರಡಿದ ಗಡ್ಡೆಗಳಿಗೆ ಮಾತ್ರ ಈ ಒಪ್ಪಿಗೆ. ಇದೇ ಕಾಯಿಲೆಗೆಂದು 2018ರಲ್ಲಿ ಬಂದಿದ್ದ ಅಜೆಡ್ರಾ ಎಂಬ ವಿಕಿರಣ ಔಷಧದ ತಯಾರಿಕೆ ಅಷ್ಟರಲ್ಲಾಗಲೇ ನಿಂತುಹೋಗಿತ್ತು. ಅಜೆಡ್ರಾ ಕೊಡಬೇಕಾದರೆ ಎಂಐಬಿಜಿ ಎಂಬ ನ್ಯೂಕ್ಲಿಯರ್ ಸ್ಕ್ಯಾನ್‌ನಲ್ಲಿ ಗಡ್ಡೆ ಹೊಳೆಯಲೇಬೇಕಿತ್ತು. ಹೊಸ ಮಾತ್ರೆಗೆ ಆ ಷರತ್ತಿಲ್ಲ.

ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಸಹಜವಾಗಿಯೇ ತಲೆ ಕೆಡುತ್ತದೆ. ಎಂಐಬಿಜಿಯ ಕಾಲ ಮುಗಿಯಿತೇ? ರಕ್ತದಲ್ಲಿ ಹಾರ್ಮೋನ್ ಏರಿದೆ, ಸ್ಕ್ಯಾನ್ ವರದಿ ಮಾತ್ರ ನಾರ್ಮಲ್ ಅನ್ನುತ್ತಿದೆ. ಆಗ ಯಾವುದನ್ನು ನಂಬಬೇಕು? ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಹಾರ್ಮೋನನ್ನು ಹೊರಗೆ ಸುರಿಯುವುದು ಗಡ್ಡೆಯ ಒಂದು ಕೆಲಸ. ಸ್ಕ್ಯಾನಿಗೆಂದು ಕೊಟ್ಟ ಔಷಧವನ್ನು ಒಳಗೆಳೆದು ಹಿಡಿದಿಟ್ಟುಕೊಳ್ಳುವುದು ಬೇರೆಯೇ ಕೆಲಸ. ಮೊದಲನೆಯದನ್ನು ಚೆನ್ನಾಗಿ ಮಾಡುವ ಗಡ್ಡೆ ಎರಡನೆಯದನ್ನೂ ಮಾಡಬೇಕೆಂಬ ನಿಯಮವೇನೂ ಇಲ್ಲ.

ಗ್ರಂಥಿ ಒಂದು, ಕಸುಬು ಎರಡು

ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿ ತೂಗುವುದು 4-5 ಗ್ರಾಂ ಅಷ್ಟೇ. ಅದರ ಹೊರಪದರ ಕೊಲೆಸ್ಟರಾಲ್‌ನಿಂದ ಕಾರ್ಟಿಸಾಲ್, ಆಲ್ಡೊಸ್ಟೆರೋನ್ ತಯಾರಿಸುತ್ತದೆ. ಒಳತಿರುಳಿನಲ್ಲಿ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ತಯಾರಾಗುತ್ತವೆ. ಒಂದೇ ಸೂರಿನಡಿ ಎರಡು ಕಾರ್ಖಾನೆ ಎನ್ನಿ; ಕಚ್ಚಾವಸ್ತು ಬೇರೆ, ಯಂತ್ರ ಬೇರೆ, ಸರಕು ಬೇರೆ.

ಮೊದಲ ಎಡವಟ್ಟು ಇಲ್ಲೇ ಶುರುವಾಗುತ್ತದೆ. ಎಂಐಬಿಜಿ ಒಳತಿರುಳಿನ ಗಡ್ಡೆಗಳಿಗೆಂದೇ ಇರುವ ಸ್ಕ್ಯಾನ್. ಆಲ್ಡೊಸ್ಟೆರೋನ್ ಸುರಿಸಿ ಬಿಪಿ ಏರಿಸುವ ಹೊರಪದರದ ಗಡ್ಡೆಗೆ ಎಂಐಬಿಜಿಯನ್ನು ಎಳೆದುಕೊಳ್ಳುವ ಯಂತ್ರವೇ ಇಲ್ಲ. ಹಾಗಾಗಿ ಅಲ್ಲಿ ಈ ಸ್ಕ್ಯಾನ್ ನಾರ್ಮಲ್ ಬಂದರೆ ಏನೂ ತಿಳಿದಂತಾಗಲಿಲ್ಲ. ಹೊರಪದರಕ್ಕೆಂದು ಅಯೋಡಿನ್ ಸೇರಿಸಿದ ಕೊಲೆಸ್ಟರಾಲ್ ಬಳಸುವ ಹಳೆಯ ಸ್ಕ್ಯಾನ್ ಇದೆ. ಆದರೆ ಆಲ್ಡೊಸ್ಟೆರೋನ್ ಗಡ್ಡೆಗಳು ಎಷ್ಟೋ ಸಲ 1 ಸೆಂ.ಮೀ. ಆಸುಪಾಸಿನವು, ಅಷ್ಟು ಚಿಕ್ಕದನ್ನು ಆ ಸ್ಕ್ಯಾನ್ ಸಲೀಸಾಗಿ ಬಿಟ್ಟುಬಿಡುತ್ತದೆ. ಯಾವ ಬದಿಯ ಗ್ರಂಥಿ ತಪ್ಪಿತಸ್ಥ ಎಂದು ತೀರ್ಮಾನಿಸಲು ಎರಡೂ ಅಡ್ರಿನಲ್ ಅಭಿಧಮನಿಗಳಿಂದ ನೇರವಾಗಿ ರಕ್ತ ತೆಗೆದು ಹೋಲಿಸುವುದೇ ಇವತ್ತಿಗೂ ವಾಡಿಕೆ. ಮೆಟೊಮಿಡೇಟ್ ಎಂಬ ಔಷಧ ಬಳಸುವ ಪೆಟ್ ಸ್ಕ್ಯಾನ್ (ಇನ್ನೊಂದು ಬಗೆಯ ನ್ಯೂಕ್ಲಿಯರ್ ಸ್ಕ್ಯಾನ್) ಅದಕ್ಕಿಂತ ಕಡಿಮೆಯೇನಲ್ಲ ಎಂದು ಬ್ರಿಟನ್ನಿನ ಪ್ರಯೋಗವೊಂದು 2023ರಲ್ಲಿ ತೋರಿಸಿದೆ ನಿಜ. ಆದರೆ ಅದರಲ್ಲಿ ಬಳಸುವ ಕಾರ್ಬನ್-11ರ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕಿಳಿಯುವ ಅವಧಿ, 20 ನಿಮಿಷ. ಆಸ್ಪತ್ರೆಯ ಆವರಣದಲ್ಲೇ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಇರದಿದ್ದರೆ ಆ ಮಾತೇ ಇಲ್ಲ.

ಇನ್ನು ಮುಂದೆ ಒಳತಿರುಳಿನ ಗಡ್ಡೆಯಾದ ಫಿಯೊಕ್ರೊಮೊಸೈಟೋಮದ ಕಡೆಗೇ ಗಮನ ಕೊಡೋಣ. ಗೊಂದಲ ಹೆಚ್ಚಿರುವುದೂ ಅಲ್ಲೇ, ಪ್ರಾಣಾಪಾಯ ಇರುವುದೂ ಅಲ್ಲೇ. ಇದೇ ಜಾತಿಯ ಗಡ್ಡೆ ಅಡ್ರಿನಲ್‌ನ ಹೊರಗೆ, ಅಂದರೆ ಕುತ್ತಿಗೆ, ಎದೆ, ಹೊಟ್ಟೆ ಅಥವಾ ಮೂತ್ರಕೋಶದಲ್ಲಿ ಬೆಳೆದರೆ ಅದನ್ನು ಪ್ಯಾರಾಗ್ಯಾಂಗ್ಲಿಯೋಮ ಎನ್ನುತ್ತಾರೆ.

ಕ್ಯಾಮೆರಾ ಗಡ್ಡೆಯನ್ನು ನೋಡುವುದಿಲ್ಲ

ಸಿಟಿ ಸ್ಕ್ಯಾನ್ ಗಡ್ಡೆಯ ಆಕಾರವನ್ನು ನೋಡುತ್ತದೆ. ನ್ಯೂಕ್ಲಿಯರ್ ಸ್ಕ್ಯಾನ್ ನೋಡುವುದು ಗಡ್ಡೆಯ ನಡವಳಿಕೆಯನ್ನು. 1980ರ ಸುಮಾರಿಗೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಎಂಐಬಿಜಿ, ನಾರ್‌ಅಡ್ರಿನಲಿನ್‌ನ ವೇಷ ಹಾಕಿದ ಅಣು. ಅದರ ಬೆನ್ನಿಗೆ ವಿಕಿರಣಶೀಲ ಅಯೋಡಿನ್ ಕಟ್ಟಿರುತ್ತಾರೆ. ಗಡ್ಡೆಯ ಕೋಶಕ್ಕೆ ಇದು ಎರಡು ಹಂತದಲ್ಲಿ ಸೇರಬೇಕು. ಮೊದಲು ಕೋಶದ ಹೊರಗೋಡೆಯಲ್ಲಿರುವ ನಾರ್‌ಅಡ್ರಿನಲಿನ್ ಸಾಗಣೆದಾರ ಪ್ರೋಟೀನು ಇದನ್ನು ಒಳಗೆ ಎಳೆದುಕೊಳ್ಳಬೇಕು. ಆಮೇಲೆ ಒಳಗಿರುವ ಪುಟ್ಟ ಸಂಗ್ರಹ ಚೀಲಗಳ ಮೇಲಿನ ಇನ್ನೊಂದು ಪ್ರೋಟೀನು ಅದನ್ನು ಚೀಲಕ್ಕೆ ತುಂಬಬೇಕು. ಒಂದು ದಿನ ಕಳೆದು ಕ್ಯಾಮೆರಾ ಇಟ್ಟಾಗ, ಮಿಕ್ಕ ಅಂಗಾಂಶಗಳಿಂದ ಔಷಧ ಬಹುಮಟ್ಟಿಗೆ ತೊಳೆದುಹೋಗಿ, ಚೀಲದಲ್ಲಿ ಭದ್ರವಾಗಿ ಉಳಿದದ್ದು ಹೊಳೆಯುತ್ತದೆ.

ಹೊರಬಾಗಿಲು ಕಡಿಮೆಯಿದ್ದರೆ ಔಷಧ ಒಳಗೇ ಬರುವುದಿಲ್ಲ. ಬಾಗಿಲಿದ್ದು ಚೀಲ ಕಡಿಮೆಯಿದ್ದರೆ ಬಂದದ್ದು ನಿಲ್ಲುವುದಿಲ್ಲ. ಎರಡರಲ್ಲಿ ಯಾವುದು ಕೈಕೊಟ್ಟರೂ ಚಿತ್ರ ಕಪ್ಪು.

ಕಣಜ ಖಾಲಿ, ಬೆಳೆ ಭರ್ಜರಿ

ಹಾರ್ಮೋನ್ ಹೆಚ್ಚು ಸುರಿಸುವ ಗಡ್ಡೆಯಲ್ಲಿ ಚೀಲಗಳೂ ಹೆಚ್ಚಿರಬೇಕಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ವಾಸ್ತವ ಬಹಳ ಸಲ ತಿರುಗಾಮುರುಗಾ.

ಅಡ್ರಿನಲಿನ್ ತಯಾರಿಸುವ ಪಕ್ವ ಗಡ್ಡೆಗಳು ಸರಕನ್ನು ಕಣಜದಲ್ಲಿ ತುಂಬಿಟ್ಟುಕೊಂಡು ಆಗಾಗ ಒಮ್ಮೆಲೇ ಸುರಿಯುತ್ತವೆ. ರೋಗಿಗೆ ಇದ್ದಕ್ಕಿದ್ದಂತೆ ತಲೆನೋವು, ಬೆವರು, ಎದೆಬಡಿತ ಬರುವುದು ಹೀಗೆ. ಇವು ಎಂಐಬಿಜಿಗೆ ಚೆನ್ನಾಗಿ ಸಿಗುತ್ತವೆ. ನಾರ್‌ಅಡ್ರಿನಲಿನ್ ಮಾತ್ರ ತಯಾರಿಸುವ ಇನ್ನೊಂದು ಗುಂಪು ಬೇರೆ ಬಗೆಯದು. ವಿಎಚ್ಎಲ್ ಎಂಬ ಜೀನ್ ಕೆಟ್ಟ ಕುಟುಂಬಗಳಲ್ಲಿ ಬರುವ ಗಡ್ಡೆಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅವುಗಳಲ್ಲಿ ದಾಸ್ತಾನು ಕಡಿಮೆ, ಸೋರಿಕೆ ನಿರಂತರ. ದುಡಿದದ್ದನ್ನು ಅಂದಂದೇ ಖರ್ಚು ಮಾಡುವ ಮನೆಯ ಕಣಜ ನೋಡಿ ಅವರಿಗೆ ಗಳಿಕೆಯೇ ಇಲ್ಲ ಎಂದರೆ ಹೇಗೋ, ಇಂಥ ಗಡ್ಡೆಗೆ ಎಂಐಬಿಜಿ ಮಾಡಿ ಇಲ್ಲ ಎನ್ನುವುದೂ ಹಾಗೆಯೇ.

ಎಸ್‌ಡಿಎಚ್‌ಬಿ ಎಂಬ ಜೀನ್ ಕೆಟ್ಟವರಲ್ಲಿ ಸಮಸ್ಯೆ ಇನ್ನೂ ಗಂಭೀರ. ಅವರ ಗಡ್ಡೆಗಳು ಹರಡುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಹೊರಬಾಗಿಲಿನ ಪ್ರೋಟೀನು ಮಾತ್ರ ಕಡಿಮೆ. ಅಂದರೆ ಯಾವುದನ್ನು ತಪ್ಪದೆ ಹಿಡಿಯಬೇಕೋ ಅದೇ ಹೆಚ್ಚು ತಪ್ಪಿಸಿಕೊಳ್ಳುತ್ತದೆ.

ಅಮೆರಿಕದ ಎಂಡೋಕ್ರೈನ್ ಸೊಸೈಟಿಯ 2014ರ ಮಾರ್ಗಸೂಚಿ ಕೊಡುವ ಅಂಕಿಗಳೂ ಇದನ್ನೇ ಹೇಳುತ್ತವೆ. ಅಯೋಡಿನ್-123 ಬಳಸಿದ ಎಂಐಬಿಜಿ, ಅಡ್ರಿನಲ್ ಒಳಗಿನ ಗಡ್ಡೆಗಳಲ್ಲಿ ಶೇ. 85-88ರಷ್ಟನ್ನು ಹಿಡಿಯುತ್ತದೆ. ಹೊರಗಿನ ಪ್ಯಾರಾಗ್ಯಾಂಗ್ಲಿಯೋಮಗಳಲ್ಲಿ ಅದು ಶೇ. 56-75ಕ್ಕೆ ಕುಸಿಯುತ್ತದೆ.

ಇನ್ನೊಂದು ಅಡ್ಡಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ರಕ್ತದಲ್ಲಿ ಹರಿದಾಡುವ ನಾರ್‌ಅಡ್ರಿನಲಿನ್ ಮತ್ತು ಎಂಐಬಿಜಿ ನುಗ್ಗುವುದು ಒಂದೇ ಬಾಗಿಲಲ್ಲಿ. ಹಾರ್ಮೋನ್ ಮಟ್ಟ ಏರಿದಷ್ಟೂ ಹೃದಯದ ಸ್ನಾಯು ಹೀರುವ ಎಂಐಬಿಜಿ ಕಡಿಮೆಯಾಗುತ್ತದೆಂದು 1980ರ ದಶಕದಲ್ಲೇ ಗುರುತಿಸಿದ್ದರು. ಗಡ್ಡೆಯ ಬಾಗಿಲಲ್ಲೂ ಇಂಥದೇ ನೂಕುನುಗ್ಗಲು ನಡೆಯಬಹುದೆಂಬ ವಾದವಿದೆ.

ಒಂದೇ ಮಾತ್ರೆ, ಎರಡು ಸುಳ್ಳು

ಗಡ್ಡೆಯದೇನೂ ತಪ್ಪಿಲ್ಲದೆ, ಬರೀ ಸಿದ್ಧತೆ ಕೆಟ್ಟು ಸ್ಕ್ಯಾನ್ ಖಾಲಿ ಬರುವುದೂ ಉಂಟು. ಹೊರಬಾಗಿಲನ್ನೋ ಸಂಗ್ರಹ ಚೀಲವನ್ನೋ ಮುಚ್ಚುವ ಮಾತ್ರೆಗಳು ಹಲವು: ಬಿಪಿಗೆ ಕೊಡುವ ಲ್ಯಾಬೆಟಲಾಲ್, ಹಳೆಯ ರೆಸರ್ಪಿನ್, ಖಿನ್ನತೆಗೆ ಕೊಡುವ ಇಮಿಪ್ರಮಿನ್, ಅಮಿಟ್ರಿಪ್ಟಿಲಿನ್, ನೆಗಡಿ ಮಾತ್ರೆಗಳಲ್ಲಿನ ಸ್ಯೂಡೊಎಫೆಡ್ರಿನ್ ಮತ್ತು ಫಿನೈಲೆಫ್ರಿನ್. ಕೆಲವು ಕ್ಯಾಲ್ಸಿಯಂ ಚಾನಲ್ ಬ್ಲಾಕರ್‌ಗಳೂ ಅನುಮಾನದ ಪಟ್ಟಿಯಲ್ಲಿವೆ.

ಅಮಿಟ್ರಿಪ್ಟಿಲಿನ್‌ನ ಕಥೆ ಸ್ವಲ್ಪ ಬಿಡಿಸಿ ನೋಡಬೇಕಾದದ್ದು. ಪದೇ ಪದೇ ತಲೆನೋವು ಬರುವವರಿಗೆ ರಾತ್ರಿ ಮಲಗುವ ಮುಂಚೆ 10 ಮಿ.ಗ್ರಾಂ, 25 ಮಿ.ಗ್ರಾಂ ಎಂದು ಇದನ್ನು ಧಾರಾಳವಾಗಿ ಬರೆದುಕೊಡುತ್ತಾರೆ. ಫಿಯೊಕ್ರೊಮೊಸೈಟೋಮದ ಮುಖ್ಯ ಲಕ್ಷಣವೂ ತಲೆನೋವೇ. ನರತುದಿಗಳು ನಾರ್‌ಅಡ್ರಿನಲಿನ್ ವಾಪಸ್ ಎಳೆದುಕೊಳ್ಳುವುದನ್ನು ಈ ಮಾತ್ರೆ ತಡೆಯುವುದರಿಂದ, ಗಡ್ಡೆಯೇ ಇಲ್ಲದವರಲ್ಲೂ, ಈ ಹಾರ್ಮೋನಿನ ತ್ಯಾಜ್ಯವೆಂದು ರಕ್ತದಲ್ಲಿ ಅಳೆಯುವ ನಾರ್‌ಮೆಟನೆಫ್ರಿನ್ ಏರಬಹುದು. ಎಂಐಬಿಜಿಯ ಬಾಗಿಲನ್ನು ಮುಚ್ಚುವುದೂ ಇದೇ ಮಾತ್ರೆ. ಈಗ ರಕ್ತ ಪಾಸಿಟಿವ್, ಸ್ಕ್ಯಾನ್ ನೆಗೆಟಿವ್. ಇದಕ್ಕೆ ಎರಡು ಅರ್ಥ ಸಾಧ್ಯ: ಗಡ್ಡೆಯೇ ಇಲ್ಲ, ರಕ್ತ ಸುಳ್ಳು ಹೇಳಿದೆ, ಇಲ್ಲವೇ ಗಡ್ಡೆ ಇದೆ, ಸ್ಕ್ಯಾನ್ ಸುಳ್ಳು ಹೇಳಿದೆ. ವೈದ್ಯರ ನಿಗಾದಲ್ಲಿ ಮಾತ್ರೆಯನ್ನು ಹಂತ ಹಂತವಾಗಿ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡದೆ ಇದು ಬಗೆಹರಿಯುವುದಿಲ್ಲ. ಎಷ್ಟು ದಿನ ನಿಲ್ಲಿಸಬೇಕೆಂಬುದು ಔಷಧದ ಮೇಲೆ ಹೋಗುತ್ತದೆ. ಕೆಲವಕ್ಕೆ ಒಂದೆರಡು ದಿನ, ಲ್ಯಾಬೆಟಲಾಲ್‌ಗೆ ಕನಿಷ್ಠ 3 ದಿನ, ಹಲವು ಕೇಂದ್ರಗಳು ಇನ್ನೂ ಹೆಚ್ಚು ಕೇಳುತ್ತವೆ. ಬಿಪಿ ಮಾತ್ರೆಯನ್ನು ರೋಗಿ ತಾನಾಗಿ ನಿಲ್ಲಿಸಿಕೊಂಡು ಹೋಗುವುದು ಮಾತ್ರ ಜೀವಕ್ಕೇ ಸಂಚಕಾರ.

ಮಾತ್ರೆ ಅಡ್ಡ ಬಂದಿದೆಯೇ ಎಂದು ಚಿತ್ರದಲ್ಲೇ ಪತ್ತೆ ಹಚ್ಚಲು ಒಂದು ಉಪಾಯವಿದೆ. ಎಂಐಬಿಜಿ ಆರೋಗ್ಯವಂತರಲ್ಲೂ ಜೊಲ್ಲುಗ್ರಂಥಿ ಮತ್ತು ಹೃದಯದಲ್ಲಿ ಹೊಳೆಯಬೇಕು, ಏಕೆಂದರೆ ಅಲ್ಲಿಯ ನರತುದಿಗಳಿಗೂ ಅದೇ ಬಾಗಿಲಿದೆ. ಕೆನ್ನೆಯ ಎರಡೂ ಬದಿ, ದವಡೆಯ ಕೆಳಗೆ ಏನೂ ಕಾಣದೆ ಮಂಕಾಗಿದ್ದರೆ ಆ ಸ್ಕ್ಯಾನನ್ನು ನೆಗೆಟಿವ್ ಎಂದು ಬರೆಯುವುದಕ್ಕಿಂತ ಅಸಿಂಧು ಎಂದು ಬರೆಯುವುದು ಸರಿ. ಔಷಧ ಎಲ್ಲಿಗೂ ಹೋಗದಿದ್ದಾಗ ಗಡ್ಡೆಗೆ ಹೋಗಿಲ್ಲ ಎನ್ನುವುದು ಯಾವ ಸುದ್ದಿ?

ಗಾತ್ರ, ನೆರೆಹೊರೆ, ಐಸೊಟೋಪ್

ತೀರಾ ಚಿಕ್ಕ ಗಡ್ಡೆ ತಪ್ಪುವುದು ಊಹಿಸಬಹುದಾದದ್ದೇ. ಗ್ಯಾಮಾ ಕ್ಯಾಮೆರಾ ಸ್ಪಷ್ಟವಾಗಿ ಬಿಡಿಸಿ ತೋರಿಸುವುದು ಸುಮಾರು 1 ಸೆಂ.ಮೀ.ವರೆಗೆ, ಅದಕ್ಕಿಂತ ಚಿಕ್ಕದರ ಹೊಳಪು ಸುತ್ತಲಿನ ಮಬ್ಬಿನಲ್ಲಿ ಹರಡಿ ಕರಗುತ್ತದೆ. ತೀರಾ ದೊಡ್ಡದೂ ತಪ್ಪಬಹುದು ಎಂದರೆ ಆಶ್ಚರ್ಯವಾದೀತು. ದೊಡ್ಡ ಗಡ್ಡೆಯ ನಡುಭಾಗಕ್ಕೆ ರಕ್ತ ಸಾಲದೆ ಕೋಶಗಳು ಸತ್ತು, ರಕ್ತಸ್ರಾವವಾಗಿ, ನೀರು ತುಂಬಿಕೊಂಡಿರುತ್ತದೆ. ಜೀವಂತ ಕೋಶಗಳು ಅಂಚಿನ ತೆಳುಪದರದಲ್ಲಿ ಮಾತ್ರ. ಆ ಪದರ ಹಾರ್ಮೋನ್ ಸುರಿಸಲು ಸಾಕು, ಚಿತ್ರದಲ್ಲಿ ಹೊಳೆಯಲು ಸಾಲದು.

ನೆರೆಹೊರೆಯ ಕಾಟ ಬೇರೆ. ಬಲ ಅಡ್ರಿನಲ್ ಯಕೃತ್ತಿನ ಬೆನ್ನಿಗೆ ಅಂಟಿಕೊಂಡಂತಿದೆ, ಯಕೃತ್ತು ಎಂಐಬಿಜಿಯನ್ನು ಜೋರಾಗಿಯೇ ಹೀರುತ್ತದೆ. ಔಷಧ ಮೂತ್ರದಲ್ಲಿ ಹೊರಹೋಗುವುದರಿಂದ ಮೂತ್ರಕೋಶವೂ ಹೊಳೆಯುತ್ತದೆ. ಮೂತ್ರ ಮಾಡುವಾಗಲೇ ಬಿಪಿ ಏರಿ ತಲೆ ಸಿಡಿಯುತ್ತದೆ ಎನ್ನುವ ರೋಗಿಯ ಗಡ್ಡೆ ಮೂತ್ರಕೋಶದ ಗೋಡೆಯಲ್ಲಿದ್ದರೆ, ಆ ಹೊಳಪಿನ ಹಿಂದೆ ಅಡಗಿಬಿಡುತ್ತದೆ. ಚಿತ್ರ ತೆಗೆಯುವ ಮುಂಚೆ ಮೂತ್ರ ಮಾಡಿ ಬನ್ನಿ ಎನ್ನುವುದು, ಸಿಟಿ ಜೊತೆ ಬೆಸೆದ ಸ್ಪೆಕ್ಟ್ (ಮೂರು ಆಯಾಮದ) ಚಿತ್ರ ತೆಗೆಯುವುದು ಈ ಕಾರಣಕ್ಕೇ.

ಐಸೊಟೋಪಿನ ವ್ಯತ್ಯಾಸ ನಮ್ಮ ದೇಶದ ಓದುಗರಿಗೆ ಹೆಚ್ಚು ಸಂಬಂಧಪಟ್ಟದ್ದು. ಮೇಲೆ ಕೊಟ್ಟ ಶೇಕಡಾ ಲೆಕ್ಕ ಅಯೋಡಿನ್-123ರದ್ದು. ಅದರ ಅರ್ಧಾಯುಷ್ಯ 13 ಗಂಟೆ, 159 ಕಿಲೊ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಅದರ ಕಿರಣ ಕ್ಯಾಮೆರಾಕ್ಕೆ ಹೇಳಿಮಾಡಿಸಿದಂತಿದೆ. ವಿಕಿರಣಶೀಲತೆಯ ಅಳತೆಯಲ್ಲಿ 400 ಮೆಗಾಬೆಕ್ವೆರಲ್‌ವರೆಗೂ ಕೊಡಬಹುದು. ಆದರೆ ಅದಕ್ಕೆ ಸೈಕ್ಲೋಟ್ರಾನ್ ಬೇಕು, ತಯಾರಾದ ಮರುದಿನಕ್ಕೆ ಸರಕು ಕಾಲುಭಾಗಕ್ಕೆ ಇಳಿದಿರುತ್ತದೆ. ಭಾರತದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಅಣುಶಕ್ತಿ ಇಲಾಖೆಯ ಬ್ರಿಟ್ ಸಂಸ್ಥೆ ಪೂರೈಸುವ ಅಯೋಡಿನ್-131 ಎಂಐಬಿಜಿ. ಅದರ ಅರ್ಧಾಯುಷ್ಯ 8 ದಿನ. ರೋಗಿಗೆ ತಗಲುವ ವಿಕಿರಣ ಹೆಚ್ಚಾದ್ದರಿಂದ ಸಾಮಾನ್ಯವಾಗಿ 40-80 ಮೆಗಾಬೆಕ್ವೆರಲ್ ಅಷ್ಟೇ ಕೊಡುತ್ತಾರೆ. 364 ಕಿಲೊ ಎಲೆಕ್ಟ್ರಾನ್ ವೋಲ್ಟ್‌ನ ಕಿರಣ ಕ್ಯಾಮೆರಾದ ಮುಂದಿನ ಸೀಸದ ಜಾಲರಿಯನ್ನೂ ತೂರಿಕೊಂಡು ಹೋಗುತ್ತದೆ. ಕಿರಣಗಳೂ ಕಡಿಮೆ, ಬಂದವೂ ಅಡ್ಡಾದಿಡ್ಡಿ, ಚಿತ್ರ ಮಬ್ಬು. ವಿದೇಶದ ಪತ್ರಿಕೆಯಲ್ಲಿ ಓದಿದ ಶೇಕಡಾವಾರನ್ನು ಇಲ್ಲಿಯ ವರದಿಗೆ ಹಾಗೇ ಅಂಟಿಸಬಾರದು.

ರಕ್ತಕ್ಕೆ ಸಿಗುವುದು ಹೇಗೆ?

ಅಡ್ರಿನಲಿನ್ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ಗಡ್ಡೆ ಸುಮ್ಮನಿದ್ದ ಹೊತ್ತಿನಲ್ಲಿ ಅದನ್ನು ಅಳೆದರೆ ನಾರ್ಮಲ್ ಬರಬಹುದು. ಮೆಟನೆಫ್ರಿನ್ ಹಾಗಲ್ಲ. ಚೀಲಗಳಿಂದ ಕೋಶದೊಳಕ್ಕೆ ಸದಾ ತೊಟ್ಟಿಕ್ಕುವ ಹಾರ್ಮೋನನ್ನು ಗಡ್ಡೆಯೊಳಗಿನ ಕಿಣ್ವವೊಂದು ಹಗಲೂ ರಾತ್ರಿ ಮೆಟನೆಫ್ರಿನ್ ಆಗಿ ಬದಲಾಯಿಸುತ್ತಲೇ ಇರುತ್ತದೆ. ರೋಗಿಗೆ ಆ ಹೊತ್ತಿನಲ್ಲಿ ಲಕ್ಷಣ ಇರಲಿ ಬಿಡಲಿ, ಈ ತ್ಯಾಜ್ಯ ರಕ್ತಕ್ಕೆ ಬರುತ್ತದೆ. ಅದಕ್ಕೇ ಪ್ಲಾಸ್ಮಾ ಮೆಟನೆಫ್ರಿನ್ ಅಥವಾ 24 ಗಂಟೆಯ ಮೂತ್ರದ ಮೆಟನೆಫ್ರಿನ್ ಪರೀಕ್ಷೆಗೆ ಮೊದಲ ಮಣೆ.

ಹಾಗೆಂದು ರಕ್ತ ಸತ್ಯ ಹರಿಶ್ಚಂದ್ರನೂ ಅಲ್ಲ. ರೋಗಿಯನ್ನು 20-30 ನಿಮಿಷ ಮಲಗಿಸಿ ರಕ್ತ ತೆಗೆಯಬೇಕು. ಲ್ಯಾಬಿನ ಕುರ್ಚಿಯಲ್ಲಿ ಕೂರಿಸಿ ತೆಗೆದರೆ ನಾರ್‌ಮೆಟನೆಫ್ರಿನ್ ಸುಮ್ಮನೆ ಏರಿರುತ್ತದೆ. ಮೇಲ್ಮಿತಿಗಿಂತ ಸ್ವಲ್ಪವೇ ಹೆಚ್ಚಿದ್ದರೆ ಮಲಗಿಸಿ ಮತ್ತೆ ತೆಗೆಯುವುದು ವಿವೇಕ. ಮೂರು ಪಟ್ಟಿಗಿಂತ ಹೆಚ್ಚಿದ್ದು, ಮಾತ್ರೆಗಳ ಕಾರಣವೂ ಇಲ್ಲವೆಂದರೆ ಗಡ್ಡೆ ಇದೆಯೆಂದೇ ಹಿಡಿದು ಹುಡುಕಬೇಕು. ಆ ಹಂತದಲ್ಲಿ ಒಂದು ಖಾಲಿ ಎಂಐಬಿಜಿ ಬಂತೆಂದು ಹುಡುಕಾಟ ನಿಲ್ಲಿಸುವುದೇ ಈ ಕಾಯಿಲೆಯಲ್ಲಿ ಆಗುವ ದೊಡ್ಡ ತಪ್ಪು.

ಬದಲಿ ಸ್ಕ್ಯಾನ್‌ಗಳು, ಬಗೆಹರಿಯದ ವಾದ

ಎಂಐಬಿಜಿಗೆ ಸಿಗದ ಗಡ್ಡೆಗೆ ಬೇರೆ ಬಲೆ ಬೀಸಬಹುದು. ಎಸ್‌ಡಿಎಚ್‌ಬಿ ಗಡ್ಡೆಗಳ ಮೈಮೇಲೆ ಸೊಮ್ಯಾಟೊಸ್ಟ್ಯಾಟಿನ್ ಎಂಬ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳು ದಂಡಿಯಾಗಿರುತ್ತವೆ. ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಅವನ್ನು ಹಿಡಿಯುತ್ತದೆ. ಇದೇ ಗಡ್ಡೆಗಳು ಸಕ್ಕರೆಯನ್ನು ಗಬಗಬನೆ ಉರಿಸುವುದರಿಂದ ಎಫ್‌ಡಿಜಿ ಪೆಟ್‌ನಲ್ಲೂ ಹೊಳೆಯುತ್ತವೆ. ಅಡ್ರಿನಲ್ ಒಳಗಿನ ಗಡ್ಡೆಗೆ, ವಿಎಚ್ಎಲ್ ಗುಂಪಿಗೂ ಸೇರಿದಂತೆ, ಎಫ್-ಡೋಪಾ ಪೆಟ್ ಚೆನ್ನ. ಯುರೋಪ್ ಮತ್ತು ಅಮೆರಿಕದ ನ್ಯೂಕ್ಲಿಯರ್ ಮೆಡಿಸಿನ್ ಸಂಘಗಳು 2019ರಲ್ಲಿ ಜಂಟಿಯಾಗಿ ಕೊಟ್ಟ ಮಾರ್ಗಸೂಚಿಯೂ ಜೀನ್ ಮತ್ತು ಜಾಗ ನೋಡಿ ಸ್ಕ್ಯಾನ್ ಆರಿಸಿ ಎನ್ನುತ್ತದೆ.

ಬೆಲ್ಜುಟಿಫಾನ್ ಸುದ್ದಿಯ ಎಳೆ ಇಲ್ಲಿಗೆ ಬಂದು ಸೇರುತ್ತದೆ. ವಿಎಚ್ಎಲ್, ಎಸ್‌ಡಿಎಚ್‌ಬಿ ಕೆಟ್ಟಾಗ ಕೋಶ ತನಗೆ ಆಮ್ಲಜನಕವೇ ಸಿಗುತ್ತಿಲ್ಲ ಎಂದು ತಪ್ಪು ತಿಳಿದು ಎಚ್ಐಎಫ್-2 ಆಲ್ಫಾ ಎಂಬ ಪ್ರೋಟೀನನ್ನು ಚಾಲೂ ಇಡುತ್ತದೆ. ಬೆಲ್ಜುಟಿಫಾನ್ ತಡೆಯುವುದು ಅದನ್ನೇ. ಎಂಐಬಿಜಿಗೆ ಹೆಚ್ಚಾಗಿ ಸಿಗದ ಗುಂಪೂ ಇದೇ. ಸ್ಕ್ಯಾನಿನ ಷರತ್ತು ಏಕಿಲ್ಲ ಎಂದು ಈಗ ಅರ್ಥವಾದೀತು. ಒಪ್ಪಿಗೆಗೆ ಆಧಾರವಾದ 72 ಜನರ ಪ್ರಯೋಗದಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿದ್ದು ಶೇ. 26 ಮಂದಿಗೆ ಎಂಬುದನ್ನೂ ನೆನಪಿಡಬೇಕು, ಇದು ರಾಮಬಾಣವಲ್ಲ.

ಎಂಐಬಿಜಿಯನ್ನು ಪೂರ್ತಿ ಬಿಟ್ಟು ಎಲ್ಲರಿಗೂ ಡೋಟಾಟೇಟ್ ಮಾಡಿಬಿಡಿ ಎನ್ನುವವರಿದ್ದಾರೆ. ಪೆಟ್ ಚಿತ್ರ ಸ್ಪಷ್ಟ, ಕೆಲಸ ಒಂದೇ ದಿನಕ್ಕೆ ಮುಗಿಯುತ್ತದೆ, ಗ್ಯಾಲಿಯಂ ಜನರೇಟರ್ ಇರುವ ಕೇಂದ್ರಗಳು ನಮ್ಮ ಮಹಾನಗರಗಳಲ್ಲಿವೆ. ವಾದಕ್ಕೆ ತೂಕವಿದೆ. ಆದರೆ ಆರೋಗ್ಯವಂತ ಅಡ್ರಿನಲ್ ಕೂಡ ಡೋಟಾಟೇಟ್‌ನಲ್ಲಿ ಚೆನ್ನಾಗಿಯೇ ಹೊಳೆಯುತ್ತದೆ, ಪಕ್ಕದ ಮೂತ್ರಪಿಂಡವಂತೂ ದೀಪಾವಳಿ. ಅಡ್ರಿನಲ್ ಒಳಗಿನ ಪುಟ್ಟ ಗಡ್ಡೆಗೆ ಅದು ಉತ್ತಮ ಆಯ್ಕೆಯಲ್ಲ. ಅಯೋಡಿನ್-131 ಎಂಐಬಿಜಿಯನ್ನೇ ಹೆಚ್ಚು ಪ್ರಮಾಣದಲ್ಲಿ ಚಿಕಿತ್ಸೆಯಾಗಿ ಕೊಡುವುದು ಅಜೆಡ್ರಾ ಹೋದ ಮೇಲೂ ಉಳಿದಿದೆ. ಅದಕ್ಕೆ ಎಂಐಬಿಜಿ ಸ್ಕ್ಯಾನೇ ಬೇಕು.

ಇನ್ನು ಕೆಲವರು, ರಕ್ತ ಸ್ಪಷ್ಟವಾಗಿದೆ, ಸಿಟಿಯಲ್ಲಿ ಒಂದೇ ಬದಿಗೆ ಚಿಕ್ಕ ಗಡ್ಡೆಯಿದೆ, ಮನೆತನದಲ್ಲಿ ಕಾಯಿಲೆಯಿಲ್ಲ ಎಂದಾದರೆ ನ್ಯೂಕ್ಲಿಯರ್ ಸ್ಕ್ಯಾನೇ ಬೇಡ, ನೇರ ಶಸ್ತ್ರಚಿಕಿತ್ಸೆಗೆ ಹೋಗಿ ಎನ್ನುತ್ತಾರೆ. ಈ ಮಾತು ಹೆಚ್ಚು ಸರಿ ಎನಿಸುತ್ತದೆ. ಸ್ಕ್ಯಾನ್ ಹೇಗೇ ಬಂದರೂ ಮುಂದಿನ ಹೆಜ್ಜೆ ಬದಲಾಗದಿದ್ದರೆ ದುಡ್ಡೂ ದಂಡ, ಖಾಲಿ ವರದಿ ತರುವ ದಿಗಿಲೂ ದಂಡ. ಗಡ್ಡೆ ದೊಡ್ಡದು, ಅಡ್ರಿನಲ್ ಹೊರಗಿನದು, ಮರಳಿ ಬಂದದ್ದು, ಒಂದಕ್ಕಿಂತ ಹೆಚ್ಚು ಕಡೆ ಇರುವುದು ಅಥವಾ ಜೀನ್ ದೋಷದ್ದು ಎಂದಾದಾಗ ಸ್ಕ್ಯಾನಿಗೆ ನಿಜವಾದ ಕೆಲಸವಿದೆ.

ತಪ್ಪಿದರೆ ಏನಾಗುತ್ತದೆ?

ಸ್ಕ್ಯಾನ್ ನಾರ್ಮಲ್ ಎಂದು ಫಿಯೊಕ್ರೊಮೊಸೈಟೋಮವನ್ನು ಕೈಬಿಟ್ಟರೆ ಮುಂದಿನ ಸಾಮಾನ್ಯ ಹೆಜ್ಜೆಗಳೇ ಅಪಾಯಕಾರಿ. ಎದೆಬಡಿತಕ್ಕೆಂದು ಬೀಟಾ ಬ್ಲಾಕರ್ ಒಂದನ್ನೇ ಕೊಟ್ಟರೆ ರಕ್ತನಾಳಗಳನ್ನು ಹಿಗ್ಗಿಸುವ ದಾರಿ ಮುಚ್ಚಿ, ಸಂಕುಚಿಸುವ ದಾರಿ ಮಾತ್ರ ಉಳಿದು ಬಿಪಿ ಆಕಾಶಕ್ಕೇರಬಹುದು. ಅಡ್ರಿನಲ್‌ನಲ್ಲಿ ಏನೋ ಗಡ್ಡೆಯಿದೆಯಲ್ಲ ಎಂದು ಸೂಜಿ ಚುಚ್ಚಿ ಬಯಾಪ್ಸಿ ತೆಗೆಯಲು ಹೋದರೂ ಅದೇ ಗತಿ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಹೆಚ್ಚಿನ ಪ್ರಮಾಣದ ಡೆಕ್ಸಾಮೆಥಸೋನ್ ಕೂಡ ಕಿಡಿ ಹೊತ್ತಿಸಬಲ್ಲವು. ಗಡ್ಡೆ ಇದೆಯೆಂದು ಗೊತ್ತಿದ್ದರೆ ಶಸ್ತ್ರಚಿಕಿತ್ಸೆಗೆ ಮುಂಚೆ 7-14 ದಿನ ಪ್ರಾಜೋಸಿನ್ ಅಥವಾ ಫಿನಾಕ್ಸಿಬೆಂಜಮಿನ್‌ನಂಥ ಆಲ್ಫಾ ಬ್ಲಾಕರ್ ಕೊಟ್ಟು, ಉಪ್ಪು-ನೀರು ಹೆಚ್ಚಿಸಿ, ಬೇಕಿದ್ದರೆ ಆಮೇಲಷ್ಟೇ ಬೀಟಾ ಬ್ಲಾಕರ್ ಸೇರಿಸುತ್ತಾರೆ. ಗೊತ್ತಿಲ್ಲದೆ ಬೇರಾವುದೋ ಆಪರೇಷನ್‌ಗೆ ಅರಿವಳಿಕೆ ಕೊಟ್ಟಾಗ ಈ ಯಾವ ರಕ್ಷಣೆಯೂ ಇರುವುದಿಲ್ಲ.

ತಿರುಗುಮುರುಗಾದ ತಪ್ಪೂ ಇದೆ. ರಕ್ತಪರೀಕ್ಷೆಗೆ ಮುಂಚೆಯೇ ಸ್ಕ್ಯಾನ್ ಮಾಡಿಸಿದರೆ, ಅಯೋಡಿನ್-123 ಎಂಐಬಿಜಿಯಲ್ಲಿ ಅರ್ಧದಷ್ಟು ಆರೋಗ್ಯವಂತ ಅಡ್ರಿನಲ್‌ಗಳೂ ಸ್ವಲ್ಪ ಹೊಳೆಯುವುದರಿಂದ ಇಲ್ಲದ ಗಡ್ಡೆಯೂ ಹುಟ್ಟಿಕೊಳ್ಳುತ್ತದೆ. ಅಂಥ ಸಂದರ್ಭದಲ್ಲಿ ಕಾಂಟ್ರಾಸ್ಟ್ ಇಲ್ಲದ ಸಾದಾ ಸಿಟಿ ನೆರವಿಗೆ ಬರುತ್ತದೆ: ಅಡ್ರಿನಲ್ ಗಡ್ಡೆಯ ಸಾಂದ್ರತೆ ಸಿಟಿಯ ಮಾಪನದಲ್ಲಿ 10 ಹೌನ್ಸ್‌ಫೀಲ್ಡ್‌ಗಿಂತ ಕಡಿಮೆಯಿದ್ದು ಏಕರೂಪವಾಗಿದ್ದರೆ ಅದು ಕೊಬ್ಬಿನಂಶದ ಹೊರಪದರದ ಗಡ್ಡೆ, ಫಿಯೊಕ್ರೊಮೊಸೈಟೋಮ ಆಗಿರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.

ಗಡ್ಡೆ ತೆಗೆದ ನಂತರವೂ ಇದೇ ಲೆಕ್ಕ ಮುಂದುವರಿಯುತ್ತದೆ. 2-6 ವಾರಕ್ಕೆ ಮೆಟನೆಫ್ರಿನ್, ಆಮೇಲೆ ವರ್ಷಕ್ಕೊಮ್ಮೆ ಕನಿಷ್ಠ 10 ವರ್ಷ, ಜೀನ್ ದೋಷವಿದ್ದವರಿಗೆ ಜೀವನಪೂರ್ತಿ. 2017ರಿಂದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಈ ಗಡ್ಡೆಗಳಲ್ಲಿ ಯಾವುದನ್ನೂ ನಿರಪಾಯಕಾರಿ ಎಂದು ಕರೆಯುವುದಿಲ್ಲ. ಈ ಅವಧಿಯಲ್ಲಿ ಸ್ಕ್ಯಾನ್ ಬೇಕಾದರೆ ಮೊದಲ ಸಲ ಗಡ್ಡೆಯನ್ನು ತೋರಿಸಿದ್ದ ಸ್ಕ್ಯಾನನ್ನೇ ಮಾಡಿಸಬೇಕು. ಆಪರೇಷನ್‌ಗೆ ಮುಂಚೆ, ಗಡ್ಡೆ ಒಳಗಿದ್ದಾಗಲೇ ಖಾಲಿ ಬಂದಿದ್ದ ಎಂಐಬಿಜಿ ಆಪರೇಷನ್ ನಂತರವೂ ಖಾಲಿ ಬಂದರೆ, ಆ ವರದಿಯನ್ನು ಫೈಲಿನಲ್ಲಿ ಇಡಬಹುದು, ಅಷ್ಟೇ.